ಮಿನ್ನೆಸೋಟದ ಟೌನ್‌ಶಿಪ್: ಮೂವತ್ತಾರು ಚದರ ಮೈಲಿಯೊಳಗಿನ ಲೆಕ್ಕ

ಸಂಪಾದಕರಿಗೆ ನಮಸ್ಕಾರ.

ಗ್ರಾಮಸಭೆಗೆ ಜನ ಬರುತ್ತಿಲ್ಲ ಎಂದು ನಿಮ್ಮ ಪತ್ರಿಕೆಯಲ್ಲಿ ನಡೆದಿರುವ ಚರ್ಚೆಯ ನಡುವೆ, ಅಮೆರಿಕದ ಟೌನ್‌ಶಿಪ್‌ಗಳನ್ನು ನೋಡಿ ಕಲಿಯಬೇಕು, ಅಲ್ಲಿ ಊರವರೇ ಕೂತು ತೆರಿಗೆ ಗೊತ್ತುಮಾಡುತ್ತಾರೆ ಎಂಬ ಮಾತು ಬಂದಿದೆ. ಇದು ಅರ್ಧ ನಿಜ. ಆ ಅರ್ಧವಾದರೂ ಹೇಗೆ ನಡೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದು ಚರ್ಚೆಯಲ್ಲಿ ಬರಲಿಲ್ಲ. ಮಿನ್ನೆಸೋಟ ರಾಜ್ಯದ ಟೌನ್‌ಶಿಪ್‌ಗಳ ಕಡತ, ರಸ್ತೆ, ಸಭೆ ಮೂರರ ಒಡನಾಟವೂ ಇರುವ ನಾವು ಕೆಲವರು ಸೇರಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ. ಕತ್ತರಿ ಹಾಕಲೇಬೇಕಾದರೆ ಬೇಲಿ, ಕಳೆಗಳ ಭಾಗಕ್ಕೆ ಹಾಕಿ; ರಸ್ತೆಯ ಭಾಗ ಮಾತ್ರ ಬಿಡಬೇಡಿ.

ಮೊದಲು ಒಂದು ತಿದ್ದುಪಡಿ. ಅಮೆರಿಕದಲ್ಲಿ ಎಲ್ಲೆಡೆ ಟೌನ್‌ಶಿಪ್ ಆಡಳಿತ ಇಲ್ಲ. ಟೌನ್ ಅಥವಾ ಟೌನ್‌ಶಿಪ್ ಎಂಬ ಸ್ಥಳೀಯ ಸರ್ಕಾರ ಇರುವುದು 20 ರಾಜ್ಯಗಳಲ್ಲಿ. 2022ರ ಸ್ಥಳೀಯ ಸರ್ಕಾರಗಳ ಗಣತಿಯಂತೆ ಒಟ್ಟು 16,214. ದಕ್ಷಿಣದ ಮತ್ತು ಪಶ್ಚಿಮದ ಹೆಚ್ಚಿನ ರಾಜ್ಯಗಳಲ್ಲಿ ಕೌಂಟಿಯೇ (ನಮ್ಮ ಜಿಲ್ಲೆಯಂಥದ್ದು) ಎಲ್ಲ. ಇರುವ ರಾಜ್ಯಗಳಲ್ಲೂ ಒಂದರ ಹಾಗೆ ಇನ್ನೊಂದಿಲ್ಲ. ನಿಮ್ಮ ಓದುಗರಲ್ಲಿ ಅನೇಕರ ಮಕ್ಕಳೋ ನೆಂಟರೋ ಇರುವ ನ್ಯೂಜೆರ್ಸಿಯ ಎಡಿಸನ್ ಕೂಡ ಕಾಗದದಲ್ಲಿ ಟೌನ್‌ಶಿಪ್ಪೇ. ಆದರೆ 2020ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಒಂದು ಲಕ್ಷ ದಾಟಿತ್ತು. ಮೇಯರ್, ಕೌನ್ಸಿಲ್ ಇರುವ ನಗರ ಅದು. ಅಲ್ಲಿ ಊರವರು ಕೂತು ಕೈ ಎತ್ತಿ ತೆರಿಗೆ ಒಪ್ಪುವ ಪದ್ಧತಿ ಇಲ್ಲ. ಅಂಥದ್ದು ಬೇಕೆಂದರೆ ಮಿನ್ನೆಸೋಟದಂಥ ಕಡೆ ಬರಬೇಕು. ಇಲ್ಲಿನ 87 ಕೌಂಟಿಗಳಲ್ಲಿ ಸುಮಾರು 1,780 ಟೌನ್‌ಶಿಪ್‌ಗಳಿವೆ. ಅಷ್ಟೂ ಸೇರಿ ಒಂಬತ್ತು ಲಕ್ಷದ ಆಸುಪಾಸು ಜನ. ಸರಾಸರಿ ಹಾಕಿದರೆ ಒಂದಕ್ಕೆ ಐನೂರು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯ ಒಬ್ಬ ಸದಸ್ಯನ ಪಾಲಿಗೆ ಸುಮಾರು 400 ಜನ ಬರುತ್ತಾರಲ್ಲ, ಇಲ್ಲಿ ಇಡೀ ಆಡಳಿತಕ್ಕೆ ಬರುವುದೇ ಹೆಚ್ಚುಕಡಿಮೆ ಅಷ್ಟು. ಹೋಲಿಕೆ ಮಾಡುವವರು ಇದನ್ನು ಮರೆಯಬಾರದು.

ಇನ್ನು ನೆಲದ ಲೆಕ್ಕ. ಹೆಚ್ಚಿನ ಟೌನ್‌ಶಿಪ್‌ಗಳ ಗಡಿಯನ್ನು ನದಿ, ಬೆಟ್ಟ, ಜಾತಿ, ಭಾಷೆ ಯಾವುದೂ ಹಾಕಿಲ್ಲ. 1785ರ ಭೂ ಕಾಯಿದೆಯಿಂದ ಶುರುವಾದ ಸರ್ವೆ ಹಾಕಿದ್ದು. ಉದ್ದ 6 ಮೈಲಿ, ಅಗಲ 6 ಮೈಲಿ. ಅದರೊಳಗೆ ಒಂದೊಂದು ಚದರ ಮೈಲಿಯ 36 ಸೆಕ್ಷನ್‌ಗಳು, ಪ್ರತಿ ಸೆಕ್ಷನ್ 640 ಎಕರೆ. ಸಂಖ್ಯೆ ಈಶಾನ್ಯ ಮೂಲೆಯಿಂದ ಹೊರಟು ಪಶ್ಚಿಮಕ್ಕೆ 6ರವರೆಗೆ ಹೋಗಿ, ಉಳುವ ಎತ್ತು ಸಾಲಿನ ತುದಿಯಲ್ಲಿ ತಿರುಗಿದಂತೆ ಕೆಳಗಿಳಿದು, 7ರಿಂದ 12ಕ್ಕೆ ಪೂರ್ವಕ್ಕೆ ಬರುತ್ತದೆ. ಹೀಗೆ ತಿರುತಿರುಗಿ ಆಗ್ನೇಯ ಮೂಲೆಯಲ್ಲಿ 36ಕ್ಕೆ ನಿಲ್ಲುತ್ತದೆ. ಅಳೆದದ್ದು 66 ಅಡಿಯ ಗುಂಟರ್ ಸರಪಳಿಯಲ್ಲಿ. 80 ಸರಪಳಿಗೆ ಒಂದು ಮೈಲಿ. ನಮ್ಮ ಗುಂಟೆಯ 33 ಅಡಿಗೆ 33 ಅಡಿ ಎಂಬ ಅಳತೆಯೂ ಇದೇ ಸರಪಳಿಯ ಅರ್ಧ. ಹಾಗಾಗಿ ನಲವತ್ತು ಗುಂಟೆಗೆ ಒಂದು ಎಕರೆ ಎಂದು ಬಲ್ಲ ನಮ್ಮ ರೈತನಿಗೆ ಇಲ್ಲಿನ ಪಹಣಿ ಓದುವುದು ಕಷ್ಟವಲ್ಲ. ಕ್ರಯಪತ್ರದಲ್ಲಿ ‘ಸೆಕ್ಷನ್ 21ರ ಈಶಾನ್ಯ ಕಾಲಿನ ನೈಋತ್ಯ ಕಾಲು’ ಎಂದಿದ್ದರೆ 640ರ ಕಾಲು 160, ಅದರ ಕಾಲು 40 ಎಕರೆ. ಜಾಗವೂ ಅಲ್ಲೇ ಗೊತ್ತಾಯಿತು. ಅಕ್ಕಪಕ್ಕದವರ ಹೆಸರು ಹೇಳಿ ಚೆಕ್ಕುಬಂದಿ ಬರೆಯುವ ಅಗತ್ಯವಿಲ್ಲ.

ಕಾಗದದ ಮೇಲೆ ಇಷ್ಟು ನೇರವಾಗಿರುವುದು ನೆಲದ ಮೇಲೆ ಹಾಗೇ ಇರುವುದಿಲ್ಲ. ಭೂಮಿ ದುಂಡಗಿದೆ. ಉತ್ತರಕ್ಕೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಆ ಕೊರತೆಯನ್ನೆಲ್ಲ ಟೌನ್‌ಶಿಪ್‌ನ ಉತ್ತರದ ಮತ್ತು ಪಶ್ಚಿಮದ ಅಂಚಿನ ಸೆಕ್ಷನ್‌ಗಳ ತಲೆಗೆ ಕಟ್ಟಿದ್ದಾರೆ. ಅಲ್ಲಿ 640 ಎಕರೆ ಸಿಗದೇ ಹೋಗಬಹುದು. ಕೆಲವು ಟೌನ್‌ಶಿಪ್‌ಗಳಿಗೊಮ್ಮೆ ಸರ್ವೆಯವರು ಹೊಸದಾಗಿ ಗೆರೆ ಎಳೆದು ತಪ್ಪು ಸರಿಮಾಡಿಕೊಂಡಿದ್ದಾರೆ. ಆ ಗೆರೆಯ ಬಳಿ ದಾರದಷ್ಟು ನೇರವಾಗಿ ಬಂದ ರಸ್ತೆ ಇದ್ದಕ್ಕಿದ್ದಂತೆ ನಿಂತು, ಒಂದಿಷ್ಟು ಪಕ್ಕಕ್ಕೆ ಸರಿದು, ಮತ್ತೆ ಉತ್ತರಕ್ಕೆ ಹೊರಡುತ್ತದೆ. ಹಿಮ ಬೀಳುವ ರಾತ್ರಿ ಹೊಸಬರ ಕಾರು ಚರಂಡಿಗೆ ಇಳಿಯುವುದು ಇಂಥ ಕಡೆಯೇ. ಇನ್ನೊಂದು ತೊಡಕು ಗಡಿಕಲ್ಲಿನದು. ಸೆಕ್ಷನ್ ಮೂಲೆಗಳು ಬರುವುದು ಸಾಮಾನ್ಯವಾಗಿ ಎರಡು ರಸ್ತೆ ಸೇರುವ ನಟ್ಟನಡುವೆ. ರಸ್ತೆ ಹೆರೆದು ಸಮ ಮಾಡುವ ಗ್ರೇಡರ್ ಯಂತ್ರದ ಅಲಗು ತಗಲಿ ಗುರುತು ಕಿತ್ತುಹೋಗುವುದು, ಮೇಲೆ ಮೇಲೆ ಜಲ್ಲಿ ಸುರಿದು ಹೂತುಹೋಗುವುದು ಉಂಟು. ಅದಕ್ಕೇ ರಸ್ತೆ ಕೆಲಸಕ್ಕೆ ಮುಂಚೆ ಕೌಂಟಿ ಸರ್ವೆಯರ್‌ಗೆ ಒಂದು ಮಾತು ಹೇಳುವುದು ಒಳ್ಳೆಯದು. ಹೇಳದೆ ಹೋದರೆ ನಾಲ್ಕು ಜಮೀನಿನ ತಗಾದೆ ಒಟ್ಟಿಗೆ ಬರುತ್ತದೆ.

ಪ್ರತಿ ಟೌನ್‌ಶಿಪ್‌ನ 16ನೇ ಸೆಕ್ಷನ್ ಶಾಲೆಗೆ ಮೀಸಲು ಎಂಬುದು ಆ ಕಾಲದಿಂದ ಬಂದ ನಿಯಮ. ಮಿನ್ನೆಸೋಟದಲ್ಲಿ 36ನೆಯದನ್ನೂ ಸೇರಿಸಿ ಕೊಟ್ಟರು. ಶಾಲೆ ಅದೇ ಜಾಗದಲ್ಲಿ ಇರಬೇಕೆಂದೇನಿಲ್ಲ, ಆ ಭೂಮಿಯ ಉತ್ಪತ್ತಿ ಶಾಲೆಗಳಿಗೆ ಹೋಗಬೇಕು ಎಂಬುದು ಉದ್ದೇಶ. ಒಂದೇ ಕೋಣೆಯ ಶಾಲೆಗಳು ಕಳೆದ ಶತಮಾನದ ಮಧ್ಯದಲ್ಲಿ ಒಂದರಲ್ಲೊಂದು ಸೇರಿ ಮುಚ್ಚಿಹೋದವು. ಹಾಗೆ ಖಾಲಿಯಾದ ಎಷ್ಟೋ ಕಟ್ಟಡಗಳೇ ಈಗ ಟೌನ್ ಹಾಲ್: ಹಲಗೆ ಗೋಡೆ, ಮಡಚುವ ಕುರ್ಚಿಗಳು, ಮೂಲೆಯಲ್ಲೊಂದು ಹೀಟರ್, ಗೋಡೆಗೆ ಜಮೀನುದಾರರ ಹೆಸರಿರುವ ಸೆಕ್ಷನ್ ನಕ್ಷೆ. ಕೆಲವು ಹಾಲ್‌ಗಳಿಗೆ ಇಂದಿಗೂ ಶೌಚಾಲಯ ಹೊರಗಡೆಯೇ.

ಜನ ಕಡಿಮೆಯಾದದ್ದಕ್ಕೆ ಕಾರಣವೂ ನೆಲದ ಲೆಕ್ಕದಲ್ಲೇ ಇದೆ. 1862ರ ಹೋಮ್‌ಸ್ಟೆಡ್ ಕಾಯಿದೆಯಲ್ಲಿ ಒಂದು ಕುಟುಂಬಕ್ಕೆ 160 ಎಕರೆ, ಅಂದರೆ ಒಂದು ಸೆಕ್ಷನ್‌ಗೆ ನಾಲ್ಕು ಮನೆ. ಈಗ ಜೋಳ, ಸೋಯಾ ಬೆಳೆಯುವ ಒಂದೇ ಮನೆಯವರು ಹಲವು ಸೆಕ್ಷನ್ ಉಳುತ್ತಾರೆ. ದೊಡ್ಡ ಯಂತ್ರಕ್ಕೆ ಅಷ್ಟು ನೆಲ ಇಲ್ಲದಿದ್ದರೆ ಕಂತು ಹುಟ್ಟುವುದಿಲ್ಲ. ಮನೆ ಕಡಿಮೆಯಾದವು, ರಸ್ತೆಯ ಉದ್ದ ಮಾತ್ರ ಒಂದಡಿಯೂ ಕಡಿಮೆಯಾಗಲಿಲ್ಲ. ಟೌನ್‌ಶಿಪ್‌ನ ಹಣಕಾಸಿನ ಕಷ್ಟಕ್ಕೆಲ್ಲ ಇದೇ ಬೇರು. ರಾಜ್ಯದ ಪಶ್ಚಿಮ ಅಂಚಿನಲ್ಲಿ ನೂರು ಜನವೂ ಇಲ್ಲದ ಟೌನ್‌ಶಿಪ್‌ಗಳಿವೆ. ಮಿನ್ನಿಯಾಪೊಲಿಸ್, ಸೇಂಟ್ ಪಾಲ್ ಅವಳಿ ನಗರದ ಸುತ್ತ ಸಾವಿರಗಟ್ಟಲೆ ಜನ ಇರುವವೂ ಇವೆ. ಉತ್ತರದ ಕೆರೆ ಸೀಮೆಯದು ಬೇರೆಯೇ ಕಥೆ. ಅಲ್ಲಿ ಬೇಸಿಗೆ ಮನೆಗಳ ಒಡೆಯರು ನಗರದಲ್ಲಿರುತ್ತಾರೆ. ಕೆರೆದಂಡೆಯ ಮನೆಗೆ ಬೆಲೆ ಹೆಚ್ಚು, ತೆರಿಗೆಯಲ್ಲಿ ದೊಡ್ಡ ಪಾಲು ಅವರದೇ. ಓಟು ಮಾತ್ರ ಖಾಯಂ ವಾಸಿಗಳಿಗೆ. ಸಭೆಗೆ ಬರಬಹುದು, ಸಭೆಯವರು ಒಪ್ಪಿದರೆ ಮಾತಾಡಬಹುದು, ಕೈ ಎತ್ತುವ ಹಾಗಿಲ್ಲ.

ಈಗ ಆ ಸಭೆಗೆ ಬರೋಣ. ಮಾರ್ಚ್ ತಿಂಗಳ ಎರಡನೇ ಮಂಗಳವಾರ ರಾಜ್ಯದಾದ್ಯಂತ ವಾರ್ಷಿಕ ಸಭೆ. ಹಿಮಬಿರುಗಾಳಿ ಬಂದರೆ ಮೂರನೇ ಮಂಗಳವಾರಕ್ಕೆ ಮುಂದೂಡಬಹುದು. ಅದಕ್ಕೆ ಮುಂಚೆ ಫೆಬ್ರವರಿಯಲ್ಲಿ ಮಂಡಳಿ ಲೆಕ್ಕ ತಪಾಸಣೆಗೆ ಕೂರುತ್ತದೆ. ಮಂಡಳಿ ಎಂದರೆ ಸಾಮಾನ್ಯವಾಗಿ ಮೂವರು ಸೂಪರ್‌ವೈಸರ್‌ಗಳು; ಅವರ ಜೊತೆಗೆ ಒಬ್ಬ ಕ್ಲರ್ಕ್, ಒಬ್ಬ ಖಜಾಂಚಿ. ಎಲ್ಲರೂ ಊರವರೇ ಆರಿಸಿದವರು. ಕ್ಲರ್ಕ್ ಎಂದರೆ ನಮ್ಮಲ್ಲಿಯ ಗುಮಾಸ್ತನಲ್ಲ, ಪಿಡಿಒ ಕೆಲಸದ ಮುಕ್ಕಾಲು ಪಾಲು ಹೊತ್ತ ಚುನಾಯಿತ ಅಧಿಕಾರಿ. ಕ್ಲರ್ಕ್‌ನದು ಒಂದು ಪುಸ್ತಕ, ಖಜಾಂಚಿಯದು ಇನ್ನೊಂದು. ಬಿಲ್ಲನ್ನು ಮಂಡಳಿ ಒಪ್ಪಬೇಕು, ಚೆಕ್ಕಿಗೆ ಅಧ್ಯಕ್ಷ ಮತ್ತು ಕ್ಲರ್ಕ್ ರುಜು ಹಾಕಬೇಕು, ಖಜಾಂಚಿಯ ರುಜುವೂ ಬೀಳಬೇಕು. ಫೆಬ್ರವರಿಯಲ್ಲಿ ಎರಡು ಪುಸ್ತಕವನ್ನೂ ಪಕ್ಕದಲ್ಲಿಟ್ಟು ತಾಳೆ ನೋಡುತ್ತಾರೆ. ಜನ ಕಡಿಮೆಯಿರುವ ಕಡೆ ಎರಡು ಹುದ್ದೆಯನ್ನೂ ಒಬ್ಬರಿಗೇ ವಹಿಸಲು ಕಾಯಿದೆಯಲ್ಲಿ ದಾರಿಯಿದೆ. ಹಾಗೆ ಮಾಡಿದ ಮೇಲೆ ತಾಳೆ ನೋಡುವ ಎರಡನೇ ಕಣ್ಣು ಹೋಗುತ್ತದೆ, ಹೊರಗಿನವರಿಂದ ಆಡಿಟ್ ಮಾಡಿಸುವ ಖರ್ಚು ಬರುತ್ತದೆ. ಉಳಿತಾಯ ಎಂದುಕೊಂಡು ಇದಕ್ಕೆ ಕೈಹಾಕಿದವರು ಎರಡು ಸಲ ಯೋಚಿಸಬೇಕಿತ್ತು.

ಸಭೆಯ ದಿನ ಸಂಜೆ ಹೆಚ್ಚಿನ ಕಡೆ ಚುನಾವಣೆಯೂ ಇರುತ್ತದೆ. ಮತಗಟ್ಟೆ ಕನಿಷ್ಠ 5ರಿಂದ 8 ಗಂಟೆಯವರೆಗೆ ತೆರೆದಿರಬೇಕು. ಆಮೇಲೆ ಸಭೆ. ಕ್ಲರ್ಕ್ ಸಭೆ ಆರಂಭಿಸುತ್ತಾರೆ, ಹಾಜರಿರುವವರು ತಮ್ಮಲ್ಲೊಬ್ಬರನ್ನು ಆ ರಾತ್ರಿಯ ಮಟ್ಟಿಗೆ ಸಭಾ ನಿರ್ವಾಹಕರನ್ನಾಗಿ ಆರಿಸುತ್ತಾರೆ. ಸೂಪರ್‌ವೈಸರ್‌ಗಳು ಆ ಕುರ್ಚಿಯಲ್ಲಿ ಕೂರದೆ ಎದುರಿಗೆ ಕೂತು ಉತ್ತರ ಕೊಡುವುದು ವಾಡಿಕೆ. ಕಳೆದ ವರ್ಷದ ನಡಾವಳಿ, ಖಜಾಂಚಿಯ ಲೆಕ್ಕ, ರಸ್ತೆಯ ವರದಿ, ಅಗ್ನಿಶಾಮಕ ಒಪ್ಪಂದದ ವಿವರ, ಆಮೇಲೆ ತೆರಿಗೆ.

ತೆರಿಗೆಯ ಓಟು ಶೇಕಡಾವಾರು ದರಕ್ಕಲ್ಲ, ಒಟ್ಟು ಮೊತ್ತಕ್ಕೆ. ಸಾಮಾನ್ಯ ನಿಧಿಗೆ ಇಷ್ಟು, ರಸ್ತೆ ಮತ್ತು ಸೇತುವೆಗೆ ಇಷ್ಟು, ಬೆಂಕಿ ಆರಿಸುವುದಕ್ಕೆ ಇಷ್ಟು ಡಾಲರ್ ಎಂದು ಬಾಬತ್ತುವಾರು ಗೊತ್ತುವಳಿ. ಆ ಮೊತ್ತವನ್ನು ಕೌಂಟಿಯವರು ಎಲ್ಲ ಆಸ್ತಿಗಳ ಮೌಲ್ಯಕ್ಕೆ ಹಂಚಿ, ವಸೂಲು ಮಾಡಿ ಕೊಡುತ್ತಾರೆ. ಜನ ಒಪ್ಪಿದ್ದಕ್ಕಿಂತ ಒಂದು ಡಾಲರ್ ಹೆಚ್ಚು ಹಾಕಲು ಮಂಡಳಿಗೆ ಅಧಿಕಾರವಿಲ್ಲ. ನವೆಂಬರಿನಲ್ಲಿ ಮನೆಗೆ ಬರುವ ತೆರಿಗೆ ನೋಟೀಸಿನಲ್ಲಿ ಕೌಂಟಿಗೆ ಎಷ್ಟು, ಶಾಲಾ ಜಿಲ್ಲೆಗೆ ಎಷ್ಟು, ಟೌನ್‌ಶಿಪ್‌ಗೆ ಎಷ್ಟು ಎಂದು ಪ್ರತ್ಯೇಕ ಸಾಲಿನಲ್ಲಿ ಕಾಣುತ್ತದೆ. ಮಾರ್ಚಿನಲ್ಲಿ ಎತ್ತಿದ ಕೈಗೂ ಆ ಸಾಲಿಗೂ ನೇರ ಸಂಬಂಧ ಇದೆ ಎಂದು ಗೊತ್ತಿರುವುದರಿಂದಲೇ ಒಂದಿಷ್ಟು ಜನ ಚಳಿಯಲ್ಲೂ ಹಾಲ್‌ಗೆ ಬರುತ್ತಾರೆ. ಪ್ರಜಾಪ್ರಭುತ್ವದ ಮೇಲಿನ ಪ್ರೀತಿಯಿಂದ ಬರುತ್ತಾರೆ ಎಂದು ನಮ್ಮ ಕಡೆಯ ಲೇಖನಗಳಲ್ಲಿ ಬರೆಯುವುದುಂಟು. ದೂರದ ಬೆಟ್ಟ ನುಣ್ಣಗೆ. ಐನೂರು ಜನರ ಟೌನ್‌ಶಿಪ್‌ನಲ್ಲಿ ಇಪ್ಪತ್ತು ಜನ ಸೇರಿದರೆ ಅದು ಒಳ್ಳೆಯ ಸಭೆ. ರಸ್ತೆ ಜಗಳವೋ ಕಲ್ಲುಕ್ವಾರಿಯ ಅರ್ಜಿಯೋ ಇದ್ದರೆ ನಿಲ್ಲಲು ಜಾಗವಿರುವುದಿಲ್ಲ, ಇಲ್ಲದ ವರ್ಷ ಮಂಡಳಿಯವರ ಮನೆಯವರಷ್ಟೇ ಇರುವುದೂ ಉಂಟು.

ಹೊಸಬರು ಎಡವುವುದು ಎರಡು ಕಡೆ. ಒಂದು, ರಸ್ತೆಯ ವಿಷಯದಲ್ಲಿ ಹಣ ಒಪ್ಪುವುದಷ್ಟೇ ಜನರ ಅಧಿಕಾರ. ಯಾವ ರಸ್ತೆಗೆ ಮೊದಲು ಜಲ್ಲಿ ಎಂದು ಗೊತ್ತುಮಾಡುವುದು ಮಂಡಳಿ. ನಮ್ಮ ರಸ್ತೆ ಮೊದಲಾಗಲಿ ಎಂದು ಸಭೆ ಗೊತ್ತುವಳಿ ಮಾಡಿದರೂ ಅದು ಸಲಹೆಯೇ ಹೊರತು ಆಜ್ಞೆಯಲ್ಲ. ಎರಡು, ಹಣ ಬರುವ ಕಾಲ. ಈ ಮಾರ್ಚಿನಲ್ಲಿ ಒಪ್ಪಿದ ತೆರಿಗೆ ಮುಂದಿನ ವರ್ಷದ ಬಿಲ್ಲಿಗೆ ಸೇರುತ್ತದೆ. ಮೊದಲ ಕಂತು ಮೇ 15ಕ್ಕೆ, ಎರಡನೆಯದು ಅಕ್ಟೋಬರ್ 15ಕ್ಕೆ, ಕೃಷಿ ಭೂಮಿಗಾದರೆ ನವೆಂಬರ್ 15ಕ್ಕೆ. ಟೌನ್‌ಶಿಪ್‌ನ ಕೈಗೆ ದುಡ್ಡು ಸಿಗುವಷ್ಟರಲ್ಲಿ ಜೂನ್, ಜುಲೈ. ಅಂದರೆ ಕೈ ಎತ್ತಿ ಹದಿನೈದು ತಿಂಗಳ ಮೇಲೆ. ಒಂದು ವರ್ಷ ಜನ ಹುಮ್ಮಸ್ಸಿನಲ್ಲಿ ತೆರಿಗೆ ಕತ್ತರಿಸಿದರೆ ಆ ವರ್ಷ ಏನೂ ಆಗುವುದಿಲ್ಲ, ನೋಡಿದಿರಾ ರಸ್ತೆ ಹಾಗೇ ಇದೆ ಎನ್ನುತ್ತಾರೆ. ಪೆಟ್ಟು ಬೀಳುವುದು ಅದರ ಮುಂದಿನ ವಸಂತದಲ್ಲಿ. ಬುದ್ಧಿವಂತ ಮಂಡಳಿಗಳು ಅದಕ್ಕೇ ಅರ್ಧ ವರ್ಷದ ಖರ್ಚಿಗೆ ಆಗುವಷ್ಟನ್ನು ಕೈಯಲ್ಲಿ ಇಟ್ಟುಕೊಂಡಿರುತ್ತವೆ. ಇನ್ನು ಕೆಲವು ವಾರ್ಷಿಕ ಸಭೆಯನ್ನು ಮುಗಿಸದೆ ಆಗಸ್ಟಿಗೆ ಮುಂದುವರಿಸಿ, ಬೇಸಿಗೆಯ ಖರ್ಚು ನೋಡಿಕೊಂಡು ಮೊತ್ತ ಗೊತ್ತುಮಾಡುತ್ತವೆ; ಕೌಂಟಿಗೆ ತಿಳಿಸುವ ಗಡುವು ಇರುವುದು ಸೆಪ್ಟೆಂಬರಿನಲ್ಲಿ.

ಜಗಳ ಹುಟ್ಟುವ ಜಾಗವನ್ನೂ ಹೇಳಬೇಕು. ತೆರಿಗೆ ಆಸ್ತಿಗೆ ತಕ್ಕಂತೆ, ಓಟು ತಲೆಗೊಂದು. ಎರಡು ಸಾವಿರ ಎಕರೆ ಉಳುವವನಿಗೂ ಒಂದೇ ಕೈ, ಐದು ಎಕರೆಯಲ್ಲಿ ಮನೆ ಕಟ್ಟಿಕೊಂಡು ನಗರಕ್ಕೆ ಕೆಲಸಕ್ಕೆ ಹೋಗುವವನಿಗೂ ಒಂದೇ ಕೈ. ಐದೆಕರೆಯವರಿಗೆ ದೂಳು ಬೇಡ, ಡಾಂಬರು ಬೇಕು. ದೊಡ್ಡ ರೈತರಿಗೆ ಭಾರದ ಲಾರಿ ಹೋಗುವ ಗಟ್ಟಿ ಗರಸು ರಸ್ತೆ ಸಾಕು. ಇಬ್ಬರದೂ ನ್ಯಾಯವೇ. ನಮಗನಿಸುವುದು, ರೈತರ ಮಾತಿನಲ್ಲಿ ತೂಕ ಹೆಚ್ಚು: ತೆಳ್ಳಗೆ ಬಳಿದ ಡಾಂಬರು ಒಡೆದ ಮೇಲೆ ಅದನ್ನು ಕಿತ್ತು ಮತ್ತೆ ಗರಸು ಮಾಡಿಕೊಂಡ ಕಡೆಗಳು ಅಮೆರಿಕದಲ್ಲಿ ಕಡಿಮೆಯೇನಿಲ್ಲ.

ಟೌನ್‌ಶಿಪ್ ಎಂದರೆ ಕೊನೆಗೂ ರಸ್ತೆಯೇ. ಪೊಲೀಸು ಕೌಂಟಿಯ ಶೆರಿಫನದು, ಶಾಲೆ ಶಾಲಾ ಜಿಲ್ಲೆಯ ಮಂಡಳಿಯದು, ನೀರು ಅವರವರ ಕೊಳವೆ ಬಾವಿ, ಒಳಚರಂಡಿ ಅವರವರ ಗುಂಡಿ. ಉಳಿದದ್ದು ರಸ್ತೆ. ಕಾಯಿದೆಯಂತೆ ರಸ್ತೆಯ ಜಾಗ ಕನಿಷ್ಠ 66 ಅಡಿ. ಅದೇ ಒಂದು ಸರಪಳಿ. ಅದರಲ್ಲಿ ಗಾಡಿ ಓಡುವುದು ಇಪ್ಪತ್ತು ಇಪ್ಪತ್ತೆರಡು ಅಡಿ, ಉಳಿದದ್ದು ಇಳಿಜಾರು ಮತ್ತು ಚರಂಡಿ. 22 ಅಡಿ ಅಗಲದ ಒಂದು ಮೈಲಿಗೆ ಬರೀ ಒಂದು ಇಂಚು ಗರಸು ಹಾಸಲು ಎಷ್ಟು ಬೇಕು? 5,280ನ್ನು 22ರಿಂದ ಗುಣಿಸಿ 12ರಿಂದ ಭಾಗಿಸಿ: 9,680 ಘನ ಅಡಿ. 12 ಘನ ಗಜ ಹಿಡಿಯುವ ಟಿಪ್ಪರ್‌ನಲ್ಲಿ ಮೂವತ್ತು ಲೋಡು. ಮೂವತ್ತು ಮೈಲಿ ರಸ್ತೆ ಇರುವ ಟೌನ್‌ಶಿಪ್ ಎಲ್ಲಕ್ಕೂ ಒಂದೇ ವರ್ಷ ಹಾಸಲಾರದು. ಮೂರು ನಾಲ್ಕು ವರ್ಷಕ್ಕೊಂದು ಸರದಿ. ಈ ಗುಣಾಕಾರವನ್ನು ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸುವ ಮಂಡಳಿಗೆ ತೆರಿಗೆ ಸಲೀಸಾಗಿ ಸಿಗುತ್ತದೆ.

ಗರಸು ಎಂದರೆ ತೊಳೆದ ಜಲ್ಲಿಯಲ್ಲ. ಒಡೆದ ಕಲ್ಲು, ಮರಳು, ಅಂಟುವ ನುಣ್ಣನೆ ಮಣ್ಣು ಮೂರೂ ಹದವಾಗಿ ಬೆರೆತಿರಬೇಕು. ನುಣುಪು, ಅಂದರೆ ಆ ನುಣ್ಣನೆ ಮಣ್ಣು, ಶೇ 8ರಿಂದ 15ರಷ್ಟಿದ್ದರೆ ಒಣಗಿದಾಗ ಕಚ್ಚಿಕೊಳ್ಳುತ್ತದೆ. ಕಡಿಮೆಯಾದರೆ ಕಲ್ಲು ಸಡಿಲವಾಗಿ ಅಂಚಿಗೆ ಹಾರುತ್ತದೆ, ಹೆಚ್ಚಾದರೆ ಮಳೆಗೆ ಕೆಸರು. ಕಟ್ಟಡಕ್ಕೆ ಬರುವ ಸ್ವಚ್ಛ ಜಲ್ಲಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು ಸುರಿದರೆ ಆ ವರ್ಷದ ದುಡ್ಡು ಚರಂಡಿ ಪಾಲು.

ಆಕಾರ ಇನ್ನೂ ಮುಖ್ಯ. ರಸ್ತೆಯ ನಡುಭಾಗ ಉಬ್ಬಿ, ಎರಡೂ ಕಡೆಗೆ ಪ್ರತಿ ಅಡಿಗೆ ಅರ್ಧ ಇಂಚು ಇಳಿಯಬೇಕು. ಅಂದರೆ 11 ಅಡಿಗೆ ಐದೂವರೆ ಇಂಚು. ಉಬ್ಬು ಹೋದ ಕಡೆ ನೀರು ನಿಲ್ಲುತ್ತದೆ, ನೀರು ನಿಂತ ಕಡೆ ಗುಂಡಿ. ಗ್ರೇಡರ್ ಓಡಿಸುವವನು ಅಲಗನ್ನು 30ರಿಂದ 45 ಡಿಗ್ರಿ ಓರೆ ಇಟ್ಟು ಗಂಟೆಗೆ ಮೂರರಿಂದ ಐದು ಮೈಲಿ ವೇಗದಲ್ಲಿ ಹೋಗಬೇಕು. ಬೇಗ ಮುಗಿಸಲು ವೇಗ ಹೆಚ್ಚಿಸಿದರೆ ಯಂತ್ರ ಕುಣಿಯುತ್ತದೆ, ಕುಣಿದ ಗುರುತೇ ರಸ್ತೆಯ ಮೇಲೆ ಉಳಿಯುತ್ತದೆ. ಇನ್ನು ಗಾಡಿಗಳು ಎಬ್ಬಿಸುವ ಅಡ್ಡ ಅಲೆಗಳು, ಕಾರಿನಲ್ಲಿ ಕೂತವರ ಹಲ್ಲು ಕಟಕಟ ಎನ್ನಿಸುವಂಥವು, ಹುಟ್ಟುವುದು ತಿರುವಿಗೆ ಮುಂಚೆ, ನಿಲುಗಡೆಗೆ ಮುಂಚೆ, ಬ್ರೇಕು ಬಲವಾಗಿ ಬೀಳುವ ಕಡೆ, ಗರಸು ಒಣಗಿ ನುಣುಪು ಹಾರಿಹೋದ ಕಡೆ. ಮೇಲಿನ ಸಡಿಲ ಪುಡಿಯನ್ನು ಎಳೆದು ಹಳ್ಳ ಮುಚ್ಚಿದರೆ ವಾರದಲ್ಲಿ ಮತ್ತೆ ಅದೇ ಜಾಗದಲ್ಲಿ ಏಳುತ್ತವೆ. ಅಲೆಯ ತಳದವರೆಗೆ ಕೊಚ್ಚಿ, ಕಲಸಿ, ತೇವ ಇರುವಾಗ ಮತ್ತೆ ಹಾಸಬೇಕು. ಅದಕ್ಕೇ ಮಳೆ ಬಂದ ಮರುದಿನ ಗ್ರೇಡರ್ ಸಿಗುವುದು ದುರ್ಲಭ. ಎಲ್ಲ ಟೌನ್‌ಶಿಪ್‌ನವರಿಗೂ ಅವತ್ತೇ ಬೇಕು, ಸ್ವಂತ ಗ್ರೇಡರ್ ಇಟ್ಟುಕೊಂಡವರು ಕಡಿಮೆ. ದೂಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಅಥವಾ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣ ಎರಚುತ್ತಾರೆ. ಅದು ಗಾಳಿಯ ತೇವ ಹೀರಿ ನುಣುಪನ್ನು ಹಿಡಿದಿಡುತ್ತದೆ. ಹಲವು ಕಡೆ ಮನೆ ಮುಂದಿನಷ್ಟಕ್ಕೆ ಆ ಮನೆಯವರೇ ದುಡ್ಡು ಕೊಡಬೇಕು.

ಚಳಿಗಾಲದಲ್ಲಿ ನೆಲ ನಾಲ್ಕೈದು ಅಡಿ ಆಳಕ್ಕೆ ಹೆಪ್ಪುಗಟ್ಟುತ್ತದೆ. ಎಷ್ಟು ಚಳಿ ಎಂದರೆ, 1996ರ ಫೆಬ್ರವರಿ 2ರಂದು ಉತ್ತರದ ಟವರ್ ಎಂಬ ಊರಿನ ಬಳಿ ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗೆ ದಾಖಲಾಗಿದೆ, ರಾಜ್ಯದ ದಾಖಲೆ ಅದು. ಮಾರ್ಚಿನಲ್ಲಿ ಕರಗುವುದು ಮೇಲಿನಿಂದ ಕೆಳಕ್ಕೆ. ಮೇಲಿನ ಒಂದಡಿ ಕರಗಿ ನೀರಾಗಿದೆ, ಕೆಳಗೆ ಇನ್ನೂ ಬಂಡೆಯಂಥ ಹೆಪ್ಪು. ನೀರಿಗೆ ಇಂಗಲು ದಾರಿಯಿಲ್ಲ. ಆಗ ಒಂದು ತುಂಬಿದ ಧಾನ್ಯದ ಲಾರಿ ಹೋದರೆ ಬೇಸಿಗೆಯೆಲ್ಲ ಹಾಕಿದ ಗರಸು ಕೆಸರಿನೊಳಗೆ ಇಳಿದು ಮಾಯ. ಆದ್ದರಿಂದ ಆ ಕೆಲವು ವಾರ, ಬೇರೆ ಫಲಕ ಇಲ್ಲದ ಗರಸು ರಸ್ತೆಗಳಲ್ಲಿ ಒಂದು ಆಕ್ಸಲ್‌ಗೆ 5 ಟನ್ ಮಾತ್ರ ಎಂಬ ಕಟ್ಟಳೆ ರಾಜ್ಯದಾದ್ಯಂತ ಜಾರಿಯಲ್ಲಿರುತ್ತದೆ. ಹಾಲಿನ ಟ್ಯಾಂಕರ್ ಮಾತ್ರ ಕಾಯುವಂತಿಲ್ಲ, ಹಸು ಹಾಲು ಕೊಡುವುದು ನಿಲ್ಲಿಸುವುದಿಲ್ಲ. ಆಗ ಕಡಿಮೆ ತುಂಬಿಸಿಕೊಂಡು ಬರಬೇಕಾಗಬಹುದು.

ಹಿಮ ತೆಗೆಯುವ ಗುತ್ತಿಗೆ ಶರತ್ಕಾಲದಲ್ಲೇ ಆಗಿರಬೇಕು. ಗಂಟೆ ಲೆಕ್ಕವೋ ಮೈಲಿ ಲೆಕ್ಕವೋ ಎಂದು ಬರೆದಿಟ್ಟಿರಬೇಕು. ರಸ್ತೆ ಪಕ್ಕದ ಹೊಲಕ್ಕಿಂತ ಎತ್ತರವಿದ್ದರೆ ಗಾಳಿಯೇ ಹಿಮವನ್ನು ಗುಡಿಸಿಕೊಂಡು ಹೋಗುತ್ತದೆ. ಗುಡ್ಡ ಕಡಿದು ತಗ್ಗಿನಲ್ಲಿ ಮಾಡಿದ ಕಡೆ, ಗಾಳಿ ಬರುವ ಬದಿಯಲ್ಲಿ ಮರದ ಸಾಲು ಹತ್ತಿರವಿದ್ದ ಕಡೆ, ಆಳೆತ್ತರ ಗುಡ್ಡೆ ಬೀಳುತ್ತದೆ. ಮನೆಯ ಅಂಗಳದ ಹಿಮವನ್ನು ರಸ್ತೆ ದಾಟಿಸಿ ಆಚೆ ತಳ್ಳುವುದು ಕಾನೂನಿಗೆ ವಿರುದ್ಧ. ದಾಟಿಸುವಾಗ ಉಳಿದ ಸಾಲು ರಾತ್ರಿ ಗಟ್ಟಿಯಾಗಿ ಬೆಳಗಿನ ಶಾಲೆಯ ಬಸ್ಸಿಗೆ ಹಂಪ್ ಆಗುತ್ತದೆ. ಅಪರೂಪಕ್ಕೆ ಗಾಡಿ ಹೋಗುವ ರಸ್ತೆಗಳನ್ನು ‘ಕನಿಷ್ಠ ನಿರ್ವಹಣೆಯ ರಸ್ತೆ’ ಎಂದು ಫಲಕ ಹಾಕಿ ಬಿಡಲು ಅವಕಾಶವಿದೆ. ಮನೆಗಳು ಕಡಿಮೆಯಾದ ಟೌನ್‌ಶಿಪ್‌ಗಳಿಗೆ ಇದು ದೊಡ್ಡ ಆಸರೆ.

ಬೇಲಿ, ಕಳೆ, ದಾರಿ. ಜಂಟಿ ಬೇಲಿಯ ಖರ್ಚಿನ ತಗಾದೆ ಬಂದರೆ ಸೂಪರ್‌ವೈಸರ್‌ಗಳೇ ಸ್ಥಳಕ್ಕೆ ಹೋಗಿ ತೀರ್ಮಾನಿಸಬೇಕು. ಕೆನಡಾ ಥಿಸಲ್‌ನಂಥ ಕಳೆ ಬೆಳೆಸಿಕೊಂಡವರಿಗೆ ನೋಟೀಸು ಕೊಡುವವರೂ ಅವರೇ. ಜಮೀನಿಗೆ ದಾರಿಯೇ ಇಲ್ಲದವರು, ಕನಿಷ್ಠ 5 ಎಕರೆ ಇದ್ದರೆ, 33 ಅಡಿ ಅಗಲದ ಬಂಡಿದಾರಿ ಕೇಳಬಹುದು. ಅಡ್ಡ ಬರುವ ಜಮೀನಿನವರಿಗೆ ಪರಿಹಾರವನ್ನು ಕೇಳಿದವರೇ ಕೊಡಬೇಕು. ಬಂಡಿದಾರಿಯ ತಗಾದೆ ಅಲ್ಲೂ ಇಲ್ಲೂ ಒಂದೇ, ಎರಡು ತಲೆಮಾರು ಮಾತು ಬಿಡಿಸುತ್ತದೆ.

ಸಮುದಾಯದ ಬದುಕು ಟೌನ್ ಹಾಲ್‌ನಲ್ಲಿ ನಡೆಯುವುದು ಕಡಿಮೆ. ಲೂಥರನ್ ಅಥವಾ ಕ್ಯಾಥೊಲಿಕ್ ಚರ್ಚಿನ ನೆಲಮಾಳಿಗೆಯ ಊಟ, 4-ಎಚ್ ಎಂಬ ಮಕ್ಕಳ ಕೃಷಿ ಕ್ಲಬ್, ಕೌಂಟಿ ಜಾತ್ರೆಯಲ್ಲಿ ಅವರು ಸಾಕಿದ ಕರು ಕುರಿಗಳ ಪ್ರದರ್ಶನ, ಧಾನ್ಯ ಸಹಕಾರಿ ಸಂಘದ ಕಾಫಿ, ನವೆಂಬರಿನ ಜಿಂಕೆ ಬೇಟೆ, ಹೆಪ್ಪುಗಟ್ಟಿದ ಕೆರೆಯ ಮೇಲೆ ಗುಡಿಸಲಿಟ್ಟು ಮೀನು ಹಿಡಿಯುವುದು. ಎಲ್ಲರನ್ನೂ ಕೂಡಿಸುವುದು ಅಗ್ನಿಶಾಮಕ ದಳದ ಪ್ಯಾನ್‌ಕೇಕ್ ತಿಂಡಿ. ದಳ ಸಾಮಾನ್ಯವಾಗಿ ಪಕ್ಕದ ಸಣ್ಣ ಪಟ್ಟಣದ್ದು, ಸುತ್ತಲಿನ ಟೌನ್‌ಶಿಪ್‌ಗಳು ಒಪ್ಪಂದದ ಮೇಲೆ ದುಡ್ಡು ಕೊಡುತ್ತವೆ. ಪಾಲು ಹಂಚುವುದು ಆಸ್ತಿಮೌಲ್ಯದ ಮೇಲೋ, ಬಂದ ಕರೆಗಳ ಮೇಲೋ, ಜನಸಂಖ್ಯೆಯ ಮೇಲೋ ಎಂಬುದು ಪ್ರತಿ ವರ್ಷದ ಚೌಕಾಸಿ. ಕರೆಯ ಲೆಕ್ಕವೊಂದನ್ನೇ ಹಿಡಿದರೆ ಹೆದ್ದಾರಿ ಹಾದುಹೋಗುವ ಟೌನ್‌ಶಿಪ್‌ಗೆ ಮೋಸ: ಅಪಘಾತ ದಾರಿಹೋಕರದು, ಬಿಲ್ಲು ಇವರದು. ದಳದವರೆಲ್ಲ ಸ್ವಯಂಸೇವಕರು. ಹಗಲು ಹೊತ್ತಿನಲ್ಲಿ ಮೂವತ್ತು ನಲವತ್ತು ಮೈಲಿ ದೂರ ಕೆಲಸಕ್ಕೆ ಹೋಗಿರುತ್ತಾರೆ. ಮಧ್ಯಾಹ್ನ ಎರಡಕ್ಕೆ ಹೊತ್ತಿದ ಬೆಂಕಿಗೆ ಲಾರಿ ಇದೆ, ಆಳಿಲ್ಲ. ಇದಕ್ಕೆ ಎರಡು ಮೂರು ದಳಗಳನ್ನು ಒಟ್ಟಿಗೇ ಕರೆಸುವ ಏರ್ಪಾಡು ಬಿಟ್ಟು ಬೇರೆ ಪರಿಹಾರ ಯಾರಿಗೂ ಸಿಕ್ಕಿಲ್ಲ.

ನಮ್ಮವರಿಗೆ ವಿಚಿತ್ರ ಅನಿಸಬಹುದಾದ ಒಂದು ನಿಯಮವಿದೆ. ಮಂಡಳಿಯಲ್ಲಿ ಮೂವರು, ಕೋರಂ ಇಬ್ಬರು. ಇಬ್ಬರು ಸೂಪರ್‌ವೈಸರ್‌ಗಳು ಕಾಫಿ ಅಂಗಡಿಯಲ್ಲಿ ಎದುರು ಸಿಕ್ಕು ‘ಆ ಮೋರಿ ಈ ವರ್ಷ ಬದಲಿಸೋಣವೇ’ ಎಂದು ಮಾತಾಡಿದರೆ ಅದು ನೋಟೀಸಿಲ್ಲದ ಸಭೆ, ಬಹಿರಂಗ ಸಭೆ ಕಾಯಿದೆಯ ಉಲ್ಲಂಘನೆ. ಒಂದೇ ಟ್ರಕ್ಕಿನಲ್ಲಿ ರಸ್ತೆ ನೋಡಲು ಹೋಗುವಾಗಲೂ ಮೊದಲೇ ನೋಟೀಸು ಅಂಟಿಸಿ ಹೋಗುವುದು ಕ್ಷೇಮ. ಅಣ್ಣತಮ್ಮಂದಿರೇ ಮಂಡಳಿಯಲ್ಲಿದ್ದರೆ ಹಬ್ಬದ ಊಟಕ್ಕೆ ಕೂತಾಗ ಹವಾಮಾನ ಬಿಟ್ಟು ಬೇರೆ ಮಾತಾಡದಿರುವುದೇ ಲೇಸು.

ಇಂಥ ಆಡಳಿತ ಉಳಿಯುತ್ತದೆಯೇ ಎಂಬ ಪ್ರಶ್ನೆ ಇಲ್ಲಿಯೂ ಇದೆ. ಕ್ಲರ್ಕ್ ಹುದ್ದೆಗೆ ಮುಂದೆ ಬರುವವರು ಕಡಿಮೆ. ಗೌರವಧನ ಅಲ್ಪ, ಅರ್ಜಿ, ವರದಿ, ವಿಮೆ, ಚುನಾವಣಾ ಕಾಗದ ಅಪಾರ. ಯಾರೂ ನಿಲ್ಲದ ಕಡೆ ಚೀಟಿಯಲ್ಲಿ ಬರೆದು ಹಾಕಿದ ನಾಲ್ಕೈದು ಹೆಸರಿನಲ್ಲಿ ಹೆಚ್ಚು ಓಟು ಬಂದವರು ಮರುದಿನ ಫೋನು ಬಂದಾಗಲೇ ತಾವು ಗೆದ್ದದ್ದು ತಿಳಿಯುತ್ತಾರೆ. ಕೈಚೆಲ್ಲಿದ ಟೌನ್‌ಶಿಪ್‌ಗಳು ಓಟು ಹಾಕಿ ತಾವೇ ವಿಸರ್ಜನೆಯಾಗಬಹುದು. ಆಗ ರಸ್ತೆ ಕೌಂಟಿಯ ಪಾಲಿಗೆ ಹೋಗುತ್ತದೆ, ತೆರಿಗೆ ಗೊತ್ತುಮಾಡುವ ಕೈಯೂ ಹೋಗುತ್ತದೆ. ಇನ್ನೊಂದು ಕಡೆಯಿಂದ ನಗರಗಳು ನುಂಗುತ್ತವೆ. ನಗರಕ್ಕೆ ತಾಗಿಕೊಂಡ, 120 ಎಕರೆಯೊಳಗಿನ ಜಮೀನಿನ ಒಡೆಯನೇ ಅರ್ಜಿ ಕೊಟ್ಟರೆ ನಗರ ಒಂದು ಉಪವಿಧಿಯಿಂದ ಅದನ್ನು ಸೇರಿಸಿಕೊಳ್ಳಬಹುದು. ಹೋಗುವುದು ಯಾವಾಗಲೂ ಹೆಚ್ಚು ತೆರಿಗೆ ತರುವ ತುಂಡೇ, ಉಳಿಯುವುದು ಉದ್ದನೆಯ ರಸ್ತೆ. ಅದಕ್ಕೇ ನಗರದ ಅಂಚಿನ ಟೌನ್‌ಶಿಪ್‌ಗಳು ಎಷ್ಟು ವರ್ಷಕ್ಕೆ ಎಷ್ಟು ಜಾಗ, ಕಳೆದುಹೋದ ತೆರಿಗೆಗೆ ಏನು ಪರಿಹಾರ ಎಂದು ಮೊದಲೇ ಕರಾರು ಮಾಡಿಕೊಳ್ಳುತ್ತವೆ.

ನಮ್ಮ ಗ್ರಾಮ ಪಂಚಾಯಿತಿ ಹೊತ್ತ ಹೊರೆ ಬೇರೆ: ಕುಡಿಯುವ ನೀರು, ಬೀದಿದೀಪ, ವಸತಿ ಫಲಾನುಭವಿಗಳ ಪಟ್ಟಿ, ಉದ್ಯೋಗ ಖಾತರಿ, ಕಸ. ಐದಾರು ಸಾವಿರ ಜನ, ಹೆಚ್ಚಿನ ಹಣ ಮೇಲಿನಿಂದ ಬಾಬತ್ತು ಕಟ್ಟಿಕೊಂಡೇ ಬರುತ್ತದೆ. ಇಲ್ಲಿಯ ಸಭೆಯನ್ನು ಹಾಗೇ ಎತ್ತಿ ಅಲ್ಲಿ ನೆಡಲಾಗದು. ಎರವಲು ತರುವುದಾದರೆ ಎರಡು ಸಣ್ಣ ಸಂಗತಿ ತರಬಹುದು. ಎರಡು ಕೈಯಲ್ಲಿ ಎರಡು ಪುಸ್ತಕ ಇಟ್ಟು ಸಭೆಗೆ ಮುಂಚೆ ತಾಳೆ ನೋಡುವುದು ಒಂದು. ಯಾವ ರಸ್ತೆಗೆ ಎಷ್ಟು ಲೋಡು ಬಿತ್ತು ಎಂಬ ಪಟ್ಟಿಯನ್ನು ಗೋಡೆಗೆ ಹಚ್ಚುವುದು ಇನ್ನೊಂದು. ಎರಡಕ್ಕೂ ಹೊಸ ಕಾಯಿದೆ ಬೇಕಿಲ್ಲ.

ಮಿನ್ನೆಸೋಟದಲ್ಲಿ ಮಕ್ಕಳ ಮನೆಗೆ ಬಂದಿರುವ ಓದುಗರು ಮಾರ್ಚಿನ ಎರಡನೇ ಮಂಗಳವಾರ ಹತ್ತಿರದ ಟೌನ್ ಹಾಲ್‌ಗೆ ಹೋಗಿ ನೋಡಬಹುದು. ಸಭೆ ಎಲ್ಲರಿಗೂ ತೆರೆದದ್ದು, ಹೆಸರು ಕೂಡ ಕೇಳುವುದಿಲ್ಲ, ಕಾಫಿ ಸಿಗುತ್ತದೆ. ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ, ತೆರಿಗೆಯ ಗೊತ್ತುವಳಿ ಬಂದಾಗ ತಲೆ ಕೆರೆದುಕೊಳ್ಳಲಿಕ್ಕೂ ಕೈ ಎತ್ತಬೇಡಿ.

ಇಂತಿ,
ಮಿನ್ನೆಸೋಟದ ಕೆಲವು ಕನ್ನಡ ಓದುಗರು